ಒರೆಸಿದ ದಾಸವಾಳ

ಅಪ್ಪಾ,

ಇವತ್ತು ಚಿತ್ತಾಪುರದ ಫೋಟೋ ಪ್ರದರ್ಶನದಲ್ಲಿ ನನ್ನ ದಾಸವಾಳಕ್ಕೆ ಮೊದಲ ಬಹುಮಾನ ಬಂತು. ನಮ್ಮ ಅಂಗಳದ್ದೇ ಹೂವು, ನೀನು ತೀರಿಹೋಗುವ ಒಂದು ವಾರ ಮುಂಚೆ ತೆಗೆದದ್ದು.

"ಭಾಳ ಛಂದ ಅದ ರೀ. ಎಲ್ಲಿ ತೆಗದೀರಿ?" ಎಂದು ಬಹುಮಾನ ಕೊಟ್ಟವರು ಕೇಳಿದರು. ನಮ್ಮೂರು ರಾವೂರ ಎನ್ನಲು ನಾಲಿಗೆ ಹೊರಳಲಿಲ್ಲ. ಊಟಿ ಎಂದುಬಿಟ್ಟೆ.

"ಮತ್ತ! ನಮ್ಮ ಕಡಿ ಧೂಳಿನ್ಯಾಗ ಇಂಥಾ ಹೂ ಎಲ್ಲಿ ಬರಬೇಕ್ರಿ?" ಎಂದು ಅವರು ನಕ್ಕರು. ನಾನೂ ನಕ್ಕೆ.

ಗಣಿಯ ಧೂಳು ಆ ಗಿಡವನ್ನು ದಿನಾ ಬೆಳ್ಳಗೆ ಮಾಡುತ್ತಿತ್ತು. ಕಲ್ಲು ಒಡೆದು ಬಂದ ನೀನು, ಕೈಕಾಲು ತೊಳೆಯುವ ಮೊದಲೇ ಟವೆಲು ಒದ್ದೆ ಮಾಡಿ, ನನ್ನ ಫೋಟೋಕ್ಕೆಂದು ಒಂದೊಂದೇ ಎಲೆ ಒರೆಸುತ್ತಿದ್ದೆ. ಆಮೇಲೆ ನೋಡಲು ಪಕ್ಕದಲ್ಲಿ ನಿಂತರೆ ನಾನು ಸಿಡುಕುತ್ತಿದ್ದೆ: "ಅಪ್ಪಾ, ದೂರ ಸರಿ. ನಿನ್ನ ಮೈಮ್ಯಾಲಿನ ಧೂಳ ಹೂವಿನ ಮ್ಯಾಲ ಬೀಳ್ತದ."

ನೀನು ಕೆಮ್ಮುತ್ತ ದೂರ ಸರಿಯುತ್ತಿದ್ದೆ. ಒಂದು ಸಲವಾದರೂ ನನ್ನ ಕಪಾಳಕ್ಕೆ ಹೊಡೆಯಬಾರದಿತ್ತೇ?

ಮನೆಗೆ ಬಂದು ನೋಡಿದರೆ ಗಿಡ ಬೆಳ್ಳಗೆ ನಿಂತಿದೆ. ಎಲೆ ಒರೆಸಿ ಒರೆಸಿ ಬಿರುಸಾದ ನಿನ್ನ ಟವೆಲು ಗೂಟದಲ್ಲೇ ಇದೆ. ನೀನಿದ್ದಾಗ ಅದನ್ನು ನಾನು ಒಮ್ಮೆಯೂ ತೊಳೆದುಕೊಡಲಿಲ್ಲ.