ಎಡೆಗೆ ಸೊಗದೆ ಬೇಡ

ತಿ. ನರಸೀಪುರ
೮ ಸೆಪ್ಟೆಂಬರ್ ೨೦೨೫

ಪ್ರೀತಿಯ ರೋಜಾ,

ನಿನಗೂ ನಟರಾಜ್ ಅವರಿಗೂ ಮಕ್ಕಳಿಗೂ ಆಶೀರ್ವಾದ. ನೀನು ಫೋನ್ ಮಾಡಿ ಹತ್ತು ದಿನವಾಯಿತು. ‘ಮಾರ್ನಮಿಲಿ ಹಿರೀಕರ ಎಡೆಗೆ ಅವ್ವಂಗೆ ಮಾಕಳಿಬೇರಿನ ಉಪ್ಪಿನಕಾಯಿ ಇಡ್ಬೇಕು ಕಣಕ್ಕ, ಗುಡ್ಡದಿಂದ ಒಂದು ಬೇರು ತರ್ಸು’ ಅಂದೆ. ‘ನೋಡ್ತೀನಿ’ ಎಂದು ಇಟ್ಟುಬಿಟ್ಟೆ. ಕ್ಷಮಿಸು. ನಿಮ್ಮ ನಂಜನಗೂಡು ಬಸ್ಸಿನಲ್ಲಿ ಒಂದೇ ಗಂಟೆಯ ದಾರಿ. ಆದರೆ ಇದು ಎದುರು ನಿಂತು ಹೇಳಲು ನನಗೆ ಆಗದ ಮಾತು.

ಪಂಚಾಯಿತಿಯ ಜೀವವೈವಿಧ್ಯ ದಾಖಲೆಗಾಗಿ ನಾನು ಎರಡು ವರ್ಷದಿಂದ ಗಿಡ ಎಣಿಸುತ್ತಿರುವುದು ನಿನಗೆ ಗೊತ್ತು. ಸೊಗದೆ, ಮಾಕಳಿ ಎರಡೂ ಬಳ್ಳಿ. ಬೇರು ಮೂಸಿದರೆ ಹೆಚ್ಚುಕಡಿಮೆ ಒಂದೇ ಪರಿಮಳ. ಸೊಗದೆಯ ಎಲೆಯ ನಡುವೆ ಬಿಳಿ ನಾಮ, ಹೂವಿನೊಳಗೆ ನೇರಳೆ ಬಣ್ಣ. ಬೇರು ತಂತಿಯಂತೆ, ಬರೀ ನಾರು. ಬೇಲಿಬೇಲಿಯಲ್ಲೂ ಸಿಗುತ್ತದೆ, ಅದರ ಮುಂದೆ ‘ಸಾಮಾನ್ಯ’ ಎಂದು ಬರೆದೆ. ಮಾಕಳಿಯ ಎಲೆ ಅಗಲ, ನಾಮವಿಲ್ಲ. ಹೂವು ಕೆನೆಬಣ್ಣದ್ದು, ಕಾಳಿನಷ್ಟು. ಬಂಡೆಯ ಸಂದಿಯಲ್ಲಿ ದಪ್ಪ ಬೇರು ಬಿಡುತ್ತದೆ. ಆ ಬೇರಿಗಾಗಿ ಕಿತ್ತೂ ಕಿತ್ತೂ ಈಗ ಅಳಿವಿನಂಚಿನ ಪಟ್ಟಿ ಸೇರಿದೆ. ಮೂಗೂರಿನಾಚೆಯ ನಮ್ಮ ಗುಡ್ಡದಲ್ಲಿ ಹದಿನೇಳು ಬಳ್ಳಿ ಇದ್ದವು.

ಜೂನ್‌ನಲ್ಲಿ ರಸ್ತೆಗೆ ಮಣ್ಣು ಬೇಕೆಂದು ಜೆಸಿಬಿ ಬಂತು. ನಾನು ಹೋಗುವಷ್ಟರಲ್ಲಿ ಆ ಬಳ್ಳಿಗಳಿದ್ದ ಗುಡ್ಡದ ಮಗ್ಗುಲೇ ಇರಲಿಲ್ಲ. ಬೇರು ಕೀಳುವ ಮಾದಯ್ಯ ಅಲ್ಲೇ ಬೀಡಿ ಸೇದುತ್ತ ಕೂತಿದ್ದ.

‘ನಾನು ಒಂದ್ ಬೇರ್ ಮುಟ್ಟುದ್ರೆ ಪಾರೆಸ್ಟ್‌ನೋರ್ಗೆ ಯೋಳ್ತೀನಿ ಅಂತಿದ್ರಲ್ಲವ್ವ, ಈಗ ಯಾರ್ಗ್ ಯೋಳೀರಿ? ನಾವು ತಾಯಿಬೇರ ಬುಟ್ಟು, ಪಕ್ಕದ್ದ ಒಂದ ಕೀಳ್ತಿದ್ದೋ ಕನವ್ವ. ಮಳೆ ಬಿದ್ರೆ ತಿರ್ಗಾ ಚಿಗುರೋದು.’

ನನ್ನ ದಾಖಲೆಯಲ್ಲಿ ಆ ಮಾತಿಗೆ ಕಾಲಂ ಇರಲಿಲ್ಲ. ನಾನೂ ಅವನನ್ನು ಎಂದೂ ಕೇಳಿರಲಿಲ್ಲ.

ಚಿಕ್ಕವಳ ಕೆಮ್ಮು ಕಡಿಮೆಯಾಯಿತೇ? ಮಳೆಯಲ್ಲಿ ಆಡಲು ಬಿಡಬೇಡ. ಎಲ್ಲರೂ ತಣ್ಣಗಿರಿ. ಎಡೆಯ ದಿನ ಬೆಳಿಗ್ಗೆಯೇ ಬರುತ್ತೇನೆ.

ನಿನ್ನ ಅಕ್ಕ,
ಹೇಮಲತಾ

ತಾ.ಕ.: ಮಾರ್ಚ್‌ನಲ್ಲಿ, ತೀರಿಹೋಗುವ ವಾರ, ಅವ್ವನೂ ಮಾಕಳಿಬೇರನ್ನೇ ಕೇಳಿದ್ದಳು. ಆಗ ಹದಿನೇಳೂ ಇದ್ದವು. ‘ಗುಡ್ಡದಲ್ಲಿ ಈಗ ಸಿಗಲ್ಲವ್ವ’ ಎಂದು ಸುಳ್ಳು ಹೇಳಿ, ಬೇಲಿಯ ಸೊಗದೆ ಬೇರನ್ನೇ ಮಾಕಳಿ ಉಪ್ಪಿನಕಾಯಿಯಂತೆ ಮಜ್ಜಿಗೆಗೆ ಹಾಕಿ ಕೊಟ್ಟೆ. ಮೂಸಿದಳು, ಕಚ್ಚಿದಳು. ‘ಚೆಂದಾಗದೆ ಕನವ್ವ’ ಅಂದಳು. ಮತ್ತೆ ಕೇಳಲಿಲ್ಲ. ಅವಳು ಹೋದ ಮೇಲೆ ದಿಂಬಿನಡಿ ಅದರ ನಾರು ಸಿಕ್ಕಿತು, ಕಾಗದದಲ್ಲಿ ಸುತ್ತಿಟ್ಟದ್ದು. ಎಡೆಗೆ ಸೊಗದೆ ಇಡಬೇಡ, ರೋಜಾ. ಅವಳಿಗೆ ಗೊತ್ತಾಗುತ್ತದೆ.