ನಮ್ಮ ಕಾಲುವೆಯ ನೊರೆ, ತಮ್ಮ ಇಲಾಖೆಯ ಸಿನಿಮಾ

ಮಾನ್ಯ ಮಾಲಿನ್ಯ ನಿಯಂತ್ರಣಾಧಿಕಾರಿಗಳೇ,

ಕಾಲುವೆಯಲ್ಲಿ ಬಟ್ಟೆ ಒಗೆದು ನೀರು ಕೆಡಿಸಿದರೆಂದು ನನ್ನ ಅತ್ತೆಗೆ ತಾವು ನೋಟಿಸು ಕೊಟ್ಟಿದ್ದೀರಿ. ಬಟ್ಟೆ ಒಗೆದದ್ದು ನಿಜ. ಆದರೆ ಸೋಪು ತಮ್ಮದು. ಈ ಸಣ್ಣ ಸಂಗತಿ ನೋಟಿಸಿನಲ್ಲಿ ಬಿಟ್ಟುಹೋಗಿರುವುದರಿಂದ, ನಾಲ್ಕು ಜನ ಓದಲೆಂದು ಇದನ್ನು ಬರೆಯುತ್ತಿದ್ದೇನೆ.

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಕೊಳವೆ ಕಾಲುವೆಗೆ ಬೀಳುವ ಜಾಗದಿಂದ ಕೂಗಳತೆಯಲ್ಲಿ ಸೊಪ್ಪು, ಸೌತೆ ಬೆಳೆಯುವವರು ನಾವು. ನೀರು ಒಂದು ದಿನ ನೇರಳೆ, ಇನ್ನೊಂದು ದಿನ ಹಸಿರು. ಮೇಲೆ ಯಾವಾಗಲೂ ಮೊಣಕಾಲೆತ್ತರದ ನೊರೆ. ಸೌತೆಬಳ್ಳಿ ಹೂ ಬಿಡುವ ಮೊದಲೇ ಸುಟ್ಟಂತೆ ಮುರುಟುತ್ತದೆ. ಅತ್ತೆಯ ಕೈ ಮೊಣಕೈವರೆಗೆ ಬಿರಿದಿದೆ. ದೂರು ಕೊಟ್ಟಾಗ ತಾವು ಕಳಿಸಿದ್ದು ನೀರು ಪರೀಕ್ಷಿಸುವವರನ್ನಲ್ಲ, ಸಾಕ್ಷ್ಯಚಿತ್ರ ತೆಗೆಯುವವರನ್ನು.

ನಿರ್ದೇಶಕರು ಒಳ್ಳೆಯ ಮನುಷ್ಯ. ನಮ್ಮ ತೋಟ ಸಾಕಷ್ಟು ಹಾಳಾದಂತೆ ಕಾಣುತ್ತಿಲ್ಲವೆಂದು ನೊಂದುಕೊಂಡು, ಉಳಿದಿದ್ದ ಎರಡು ಹಸಿರು ಸಾಲನ್ನೂ ಕೀಳಿಸಿದರು. ಆಮೇಲೆ ಅತ್ತೆಗೆ, "ಅಮ್ಮಾ, ಸ್ವಲ್ಪ ಕಣ್ಣೀರು ಬರಲಿ" ಎಂದರು.

"ಅಳೋದೆಲ್ಲ ಗಂಡ ಹೋದಾಗಲೇ ಮುಗಿಸಿದೆ ಕಣಪ್ಪ. ಅಷ್ಟು ಅರ್ಜೆಂಟಿದ್ರೆ ನೀನೇ ಅಳು" ಎಂದು ಅತ್ತೆ ನಕ್ಕರು.

ಕೊನೆಗೆ, ಚಿತ್ರೀಕರಣ ನೋಡಲು ಬಂದಿದ್ದ ತಾವೇ ಅತ್ತಿರಿ. ದಂಡೆಯಲ್ಲಿ ಕೂತು ತಾವು ಕರವಸ್ತ್ರ ಒದ್ದೆ ಮಾಡಿಕೊಂಡ ಆ ದೃಶ್ಯದಿಂದಲೇ ಚಿತ್ರಕ್ಕೆ ಪ್ರಶಸ್ತಿ ಬಂತಂತೆ. ಅಭಿನಂದನೆಗಳು. ಅಳುವ ಅಧಿಕಾರಿಯನ್ನು ಕಂಡು ಧೈರ್ಯ ಬಂದು, ಇನ್ನಾದರೂ ಕೊಳವೆ ಮುಚ್ಚಿಸಿ ಎಂದು ಕೇಳಲು ತಮ್ಮ ಕಚೇರಿಗೆ ಹೋದೆ. ಗುಮಾಸ್ತರು ಕತ್ತೆತ್ತಲಿಲ್ಲ.

"ನೊರೆ ಕಾಲುವೆನಾ? ಅದಕ್ಕೆ ಆಗ್ಲೇ ಸಿನಿಮಾ ಆಯ್ತಲ್ಲಮ್ಮ."

"ಸಿನಿಮಾ ಆಯ್ತು ಸ್ವಾಮಿ, ನೊರೆ ಹೋಗಿಲ್ವಲ್ಲ."

"ಹೋದ್ರೆ ಹೇಗೆ? ಎರಡನೇ ಭಾಗ ಬಾಕಿ ಇದೆ!"

ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ ಅಲ್ಲವೇ, ಸ್ವಾಮಿ?

ಅಷ್ಟರಲ್ಲಿ ಕಾರ್ಖಾನೆಯ ಬಾಯ್ಲರ್ ಕೆಟ್ಟು ಕೆಲಸ ನಿಂತಿತು. ತಳದ ಕಲ್ಲು ಕಾಣುವಷ್ಟು ನೀರು ತಿಳಿಯಾಯಿತು. ಹೊಸದಾಗಿ ಬಿತ್ತಿದೆವು; ಸೌತೆ ಎರಡೆಲೆ ಬಿಟ್ಟಿತು. ಅತ್ತೆ ಬೆಳಿಗ್ಗೆ ಎದ್ದವರೇ ಪಾತಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಸಸಿಗಳ ಜೊತೆ ಮಾತಾಡುತ್ತಿದ್ದರು. ಆ ಹೊತ್ತಿಗೇ ಪ್ರಶಸ್ತಿ ಕೊಟ್ಟವರು ನೊರೆ ನೋಡಲು ಬರುತ್ತೇವೆಂದರು. ಅವರಿಗಿಂತ ಮೊದಲೇ ಬಂದ ತಾವು ತಿಳಿನೀರು ಕಂಡು ಕಂಗಾಲಾದಿರಿ.

"ಏನಮ್ಮ ಇದು? ನೊರೆ ಎಲ್ಲಿ?" ಎಂದು ಗದರಿದಿರಿ, ನಾನೇ ಕದ್ದು ಅಟ್ಟದ ಮೇಲೆ ಬಚ್ಚಿಟ್ಟಂತೆ.

ಜೀಪಿನಿಂದ ಸೋಪಿನ ಪುಡಿಯ ಮೂಟೆಗಳು ಇಳಿದವು. ತಮ್ಮ ಸಿಬ್ಬಂದಿ ಪ್ಯಾಂಟು ಮಡಚಿಕೊಂಡು ನೀರಿಗಿಳಿದು ಬಿದಿರು ಕೋಲುಗಳಿಂದ ಕಲಕಿದರು. ಮಾಲಿನ್ಯ ನಿಯಂತ್ರಣವೆಂದರೇನೆಂದು ನನಗೆ ಅಂದು ಅರ್ಥವಾಯಿತು: ಕಡಿಮೆ ಬಿದ್ದಲ್ಲಿ ತುಂಬಿಕೊಡುವುದು!

ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಒಳಗೆ ಹೋಗಿ ಮನೆಯ ಹೊದಿಕೆ, ಕಿಟಕಿಯ ಪರದೆ, ಕಾಲೊರಸು ಎಲ್ಲ ಹೊತ್ತು ತಂದು ನೊರೆಯಲ್ಲಿ ಅದ್ದಿ ಕುಕ್ಕತೊಡಗಿದರು.

"ಏನ್ ಮಾಡ್ತಿದ್ದೀರಿ ಅತ್ತೆ?"

"ಸರ್ಕಾರದ ಸೋಪು ಕಣೆ, ಯಾಕೆ ದಂಡ ಮಾಡೋದು! ದಿಂಬಿನ ಚೀಲಾನೂ ತಾ."

ಅತಿಥಿಗಳು ಬಂದಿಳಿದಾಗ ಬೇಲಿಯ ತುಂಬ ನಮ್ಮ ಹೊದಿಕೆಗಳು ಹೊಳೆಯುತ್ತಿದ್ದವು. ಅವರಲ್ಲೊಬ್ಬರು ಬೊಗಸೆಯಲ್ಲಿ ನೊರೆ ತೆಗೆದು ಮೂಸಿ, "ನಿಂಬೆಹಣ್ಣಿನ ವಾಸನೆ ಬರ್ತಿದೆಯಲ್ಲ?" ಎಂದರು. ತಾವು ಕಣ್ಣು ಮಿಟುಕಿಸದೆ, "ಇದು ಹೊಸ ಬಗೆಯ ಮಾಲಿನ್ಯ" ಎಂದಿರಿ. ಅವರು ತಲೆದೂಗಿ ಬರೆದುಕೊಂಡರು.

ಆ ನೀರೇ ಪಾತಿಗೆ ಹರಿಯಿತು. ಮರುದಿನ ಸಸಿಗಳೆಲ್ಲ ಮಲಗಿದ್ದವು. ಬಿರಿದ ಕೈಗಳಿಂದ ಅತ್ತೆ ಒಂದೊಂದನ್ನೇ ಎತ್ತಿ, ಬುಡಕ್ಕೆ ಮಣ್ಣು ಒತ್ತಿದರು. ಒಂದೂ ನಿಲ್ಲಲಿಲ್ಲ. ಅಂದು ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಆ ವಾರವೇ ತಮ್ಮ ನೋಟಿಸು ಬಂತು.

ಕಾರ್ಖಾನೆಗಿಂತ ಮೊದಲು ನಮ್ಮ ಹೊದಿಕೆಯ ಮೇಲೆ ಕ್ರಮ ಕೈಗೊಂಡ ತಮ್ಮ ದಕ್ಷತೆಗೆ ಏನನ್ನಲಿ? ಆ ನೋಟಿಸನ್ನು ಹಿಂದಕ್ಕೆ ಪಡೆಯಿರಿ. ಬಾಯ್ಲರ್ ರಿಪೇರಿಯವರು ಬಂದಿದ್ದಾರೆ, ಸೋಮವಾರ ಕಾರ್ಖಾನೆ ಶುರುವಾಗುತ್ತದಂತೆ. ಅಷ್ಟರೊಳಗೆ ಬಂದು ಆ ಕೊಳವೆ ಮುಚ್ಚಿಸಿ. ಅತ್ತೆ ನಿನ್ನೆ ಮತ್ತೆ ಬೀಜ ಹಾಕಿದ್ದಾರೆ.

ಇಂತಿ,
ತಮ್ಮ ಪ್ರಶಸ್ತಿ ವಿಜೇತ ಚಿತ್ರದಲ್ಲಿ ಎಡಗಡೆ ಅರ್ಧ ಮಾತ್ರ ಕಾಣಿಸುವ ಸೊಸೆ