ಹಾವಿನ ರೈಲು ನಿಂತದ್ದು ಕಂಬಳಿಯಿಂದಲ್ಲ

ಮನರಂಜನಾ ಯಂತ್ರಗಳ ಸುರಕ್ಷತೆಗೆ ಸಹಿ ಹಾಕುವ ಮಾನ್ಯ ಅಧಿಕಾರಿಗಳೇ,

ತಮ್ಮ ಒಂಬತ್ತು ಪುಟಗಳ ವರದಿಯನ್ನು ಮಾಹಿತಿ ಹಕ್ಕಿನ ಅರ್ಜಿ ಹಾಕಿ ತರಿಸಿಕೊಂಡು ನಾಲ್ಕು ಸಲ ಓದಿದ್ದೇನೆ. ಹನ್ನೆರಡು ಜನ ಹೆಣ್ಣುಮಕ್ಕಳನ್ನು ಹೊತ್ತುಕೊಂಡು ಓಡುತ್ತಿದ್ದ ಕಬ್ಬಿಣದ ರೈಲೊಂದು ಹದಿನೆಂಟು ಅಡಿ ಎತ್ತರದಲ್ಲಿ ನಿಂತುಬಿಟ್ಟದ್ದಕ್ಕೆ ಒಂದು ಕಂಬಳಿ ಕಾರಣ ಎಂದು ತಾವು ಕಂಡುಹಿಡಿದಿದ್ದೀರಿ. ಆ ಕಂಬಳಿ ಹಾಸಲು ಬಿಟ್ಟಳೆಂದು ರೈಲು ನಡೆಸುತ್ತಿದ್ದ ಕೀರ್ತನಾಳ ಪರವಾನಗಿಯನ್ನು ಮೂರು ವರ್ಷ ಅಮಾನತು ಮಾಡಿದ್ದೀರಿ. ಅದೇ ವರದಿಯ ಕೊನೆಯ ಸಾಲಿನಲ್ಲಿ, ದಸರಾ ರಜೆಗೆ ರೈಲನ್ನು ಮತ್ತೆ ಓಡಿಸಬಹುದು ಎಂದು ಅನುಮತಿಯನ್ನೂ ಕೊಟ್ಟಿದ್ದೀರಿ. ಭಲೇ! ಹುಡುಗಿ ಮನೆಗೆ, ರೈಲು ಹಳಿಗೆ. ಇಷ್ಟು ಚೊಕ್ಕವಾಗಿ ಮುಗಿದ ಯಾವ ಸರ್ಕಾರಿ ಕೆಲಸವನ್ನೂ ನಾನು ಈ ಐವತ್ತೆಂಟು ವರ್ಷಗಳಲ್ಲಿ ಕಂಡಿಲ್ಲ. ಅದಕ್ಕೇ ನನಗೆ ಅನುಮಾನ.

ನಾನು ಕೊಟ್ಟೂರಿನಲ್ಲಿ ಲೇತ್ ಇಟ್ಟುಕೊಂಡಿರುವವನು. ಟ್ರ್ಯಾಕ್ಟರ್ ಟ್ರೇಲರ್‌ಗಳ ಗಾಲಿ, ಬೇರಿಂಗು, ಅಚ್ಚು ಇವೇ ನನ್ನ ಬದುಕು. ಹಗರಿಬೊಮ್ಮನಹಳ್ಳಿ ರಸ್ತೆಯ ಪಕ್ಕ ಆ ಪಾರ್ಕು ಎದ್ದು ಎರಡು ವರ್ಷವಾಯಿತು. ರೋಲರ್ ಕೋಸ್ಟರ್ ಎಂಬ ಉದ್ದದ ಹೆಸರು ನಮ್ಮವರ ಬಾಯಲ್ಲಿ ನಿಲ್ಲಲಿಲ್ಲ, ಹಾವಿನ ರೈಲು ಎಂದರು. ಎಲ್ಲಿಯೋ ಕರಾವಳಿಯಲ್ಲಿ ಓಡಿ ಹಳೆಯದಾಗಿದ್ದನ್ನು ಬಿಚ್ಚಿ ತಂದು ಇಲ್ಲಿ ಜೋಡಿಸಿದ್ದು. ನಾಲ್ಕು ಬೋಗಿ, ಹದಿನಾರು ಸೀಟು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯಿಂದಲೂ ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಕೀರ್ತನಾ ಉಜ್ಜಿನಿ ಕಡೆಯ ಕುರಿಗಾಹಿ ಮನೆತನದ ಹುಡುಗಿ, ಐಟಿಐನಲ್ಲಿ ಫಿಟ್ಟರ್ ಕಲಿತವಳು. ಆ ಮನೆಯಲ್ಲಿ ಯಂತ್ರದ ಮುಂದೆ ನಿಂತು ಸಂಬಳ ಎಣಿಸಿದ ಮೊದಲಿಗಳು.

ಜುಲೈ ಹದಿಮೂರು, ಭಾನುವಾರ ಮಧ್ಯಾಹ್ನ. ಮೊಮ್ಮಗಳ ಕೆಲಸ ನೋಡಬೇಕೆಂದು ಅಜ್ಜಿ ತಿಪ್ಪೇರುದ್ರಮ್ಮ ಸೊಸೆಯಂದಿರು, ಮೊಮ್ಮಕ್ಕಳನ್ನೆಲ್ಲ ಕರೆದುಕೊಂಡು ಬಂದಿದ್ದಳು. ಅವರ ಮನೆತನದಲ್ಲಿ ಒಂದು ಪದ್ಧತಿ ಇದೆ. ಟ್ರ್ಯಾಕ್ಟರ್ ಇರಲಿ, ಕುರಿ ಸಾಗಿಸುವ ಲಾರಿ ಇರಲಿ, ಮೊದಲ ಸಲ ಹತ್ತುವ ಗಾಡಿಯಲ್ಲಿ ಮುಂದಿನ ಜಾಗಕ್ಕೆ ಕಂಬಳಿ ಮಡಚಿ ಗದ್ದುಗೆ ಹಾಕಿ ಮನೆದೇವರು ಬೀರಲಿಂಗನಿಗೆ ಬಿಟ್ಟುಕೊಡುತ್ತಾರೆ. ಅಲ್ಲಿ ಯಾರೂ ಕೂರುವುದಿಲ್ಲ. ಅಜ್ಜಿ ಹೆಗಲ ಮೇಲಿನ ಕಂಬಳಿಯನ್ನು ಮೊದಲ ಬೋಗಿಯಲ್ಲಿ ಹಾಸಿದಳು. ಕೀರ್ತನಾ ಬೇಡವೆಂದಳು. ಇದನ್ನು ಹೇಳುವವನು ನಾನಲ್ಲ, ಅಲ್ಲಿ ಸಾಲಿನಲ್ಲಿ ನಿಂತಿದ್ದ ಹಂಪಸಾಗರದ ಜನ.

"ಯವ್ವಾ, ಇಲ್ಲಿ ಹಂಗ ಖಾಲಿ ಬಿಡಾಂಗಿಲ್ಲ. ಮ್ಯಾನೇಜರ್ ಬೈತಾರ."

"ದೇವ್ರು ಕುಂದ್ರು ಜಾಗ ಖಾಲಿ ಹೆಂಗಾಕ್ಕತಿ ಬೇ? ನೀ ಗಾಡಿ ಬಿಡು."

ಅಷ್ಟರಲ್ಲಿ ಪಾರ್ಕಿನ ಮ್ಯಾನೇಜರ್ ಪಾಲಾಕ್ಷಪ್ಪ ಬಂದರು. ಬೈಯಲಿಲ್ಲ. "ಇರ್ಲಿ ಬಿಡಮ್ಮ, ಚೆನ್ನಾಗೈತೆ" ಎಂದು ಮೊಬೈಲ್ ತೆಗೆದು ಕಂಬಳಿಯ ಫೋಟೊ ಹೊಡೆದು, ಅಲ್ಲೇ ನಿಂತು ಪಾರ್ಕಿನ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದರು. ಆ ಸ್ಟೇಟಸ್ಸನ್ನು ನಾನೂ ನೋಡಿದ್ದೇನೆ, ನೀವೂ ನೋಡಿದ್ದೀರಿ. ನಿಮ್ಮ ವರದಿಯ ಆರನೇ ಪುಟದಲ್ಲಿ ಸಾಕ್ಷಿ ಎಂದು ಅಂಟಿಸಿರುವುದು ಅದೇ ಫೋಟೊ. ಹೊಡೆದವರು ಯಾರು ಎಂಬುದನ್ನು ಮಾತ್ರ ಬರೆಯಲಿಲ್ಲ. ಮರೆತಿರಾ?

ರೈಲು ಸರಪಳಿಯ ಮೇಲೆ ಮೊದಲ ಏರು ಹತ್ತಿ, ಇಳಿದು, ಎರಡನೇ ಏರಿನ ನೆತ್ತಿಗೆ ಇನ್ನು ಒಂದು ಮಾರು ಇದೆ ಎನ್ನುವಾಗ ಉಸಿರು ಕಟ್ಟಿ ನಿಂತಿತು. ಹಿಂದಕ್ಕೆ ಜಾರಿತು. ಹಿಂದಿನ ಇಳಿಜಾರನ್ನು ಅರ್ಧ ಹತ್ತಿ ಮತ್ತೆ ಮುಂದಕ್ಕೆ ಬಂತು. ಹೀಗೆ ಏಳೆಂಟು ಸಲ ತೂಗಾಡಿ, ಎರಡು ಏರುಗಳ ನಡುವಿನ ತಗ್ಗಿನಲ್ಲಿ ನಿಂತೇಬಿಟ್ಟಿತು. ತಗ್ಗು ಎಂದರೂ ನೆಲದಿಂದ ಹದಿನೆಂಟು ಅಡಿ. ಅಲ್ಲಿಗೆ ಮೆಟ್ಟಿಲಿಲ್ಲ. ತೊಡೆಯ ಮೇಲಿನ ಕಬ್ಬಿಣದ ಪಟ್ಟಿ ಬಿಚ್ಚಬೇಕಾದರೆ ಒಬ್ಬರು ಮೇಲೆ ಹೋಗಿ ಒಂದೊಂದು ಬೋಗಿಗೂ ಕೀಲಿ ಹಾಕಿ ತಿರುಗಿಸಬೇಕು. ಪಾರ್ಕಿನಲ್ಲಿದ್ದದ್ದು ಬಲ್ಬ್ ಬದಲಾಯಿಸುವ ಒಂದು ಏಣಿ, ಅದೂ ಗಿಡ್ಡ. ಕೀರ್ತನಾ ಕೀಲಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕಂಬ ಹಿಡಿದು ಹತ್ತಿದಳು.

"ಹತ್ತಬ್ಯಾಡ್ಲೇ ಕೂಸೇ, ಬಿದ್ದುಗಿದ್ದೀ!" ಎಂದು ಅಜ್ಜಿ ಮೇಲಿನಿಂದ ಅಳುತ್ತಿದ್ದಳಂತೆ.

"ನೀ ಸುಮ್ನ ಕುಂದ್ರಬೇ ಯವ್ವಾ. ಕಾಲು ಅಲ್ಲಾಡಸಬ್ಯಾಡ. ನಾ ಬಂದೆ."

ಪಕ್ಕದ ಹೊಲದವರು ಮೇವು ಹೇರಿದ ಟ್ರ್ಯಾಕ್ಟರನ್ನೇ ಹಳಿಯ ಕೆಳಗೆ ತಂದು ನಿಲ್ಲಿಸಿದರು, ಮೇವಿನ ಮೇಲೆ ಹಲಗೆ ಹಾಕಿ ಏಣಿ ಇಟ್ಟರು. ಎರಡೂ ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಇಳಿದವಳು ಕೀರ್ತನಾ. ಅಂಗೈಯ ಚರ್ಮ ಪೂರ್ತಿ ಸುಲಿದುಹೋಗಿತ್ತು. ಇಂಥವಳ ಬಗ್ಗೆ ನಿಮ್ಮ ವರದಿ ಬಳಸಿರುವ ಪದ "ಕರ್ತವ್ಯಲೋಪ". ಇದಕ್ಕೆ ಮರ್ಯಾದೆಯ ಮಾತು ಸಿಗುತ್ತಿಲ್ಲ ಸ್ವಾಮಿ.

ಈಗ ನಿಮ್ಮ ತರ್ಕಕ್ಕೆ ಬರೋಣ. ಮುಂದಿನ ಬೋಗಿ ಖಾಲಿ ಇದ್ದುದರಿಂದ ತೂಕ ಕಡಿಮೆಯಾಗಿ ರೈಲಿಗೆ ಓಟ ಸಾಲಲಿಲ್ಲ ಎನ್ನುತ್ತೀರಿ. ತೂಕ ಕಡಿಮೆಯಾದರೆ ಎದುರುಗಾಳಿ ಮತ್ತು ಗಾಲಿಯ ಬಿಗಿತ ಹೆಚ್ಚು ಕಾಡುತ್ತವೆ, ಅಷ್ಟು ನಿಜ. ಆದರೆ ದಿನಾ ಬೆಳಿಗ್ಗೆ ಆ ರೈಲು ಒಬ್ಬರೂ ಇಲ್ಲದೆ, ನಾಲ್ಕೂ ಬೋಗಿ ಖಾಲಿ ಇಟ್ಟುಕೊಂಡು ಪರೀಕ್ಷೆಗೆ ಓಡುತ್ತಿತ್ತಲ್ಲ? ಎರಡು ವರ್ಷ ಒಂದು ದಿನವೂ ನಿಲ್ಲಲಿಲ್ಲವಲ್ಲ? ಒಂದು ಬೋಗಿ ಖಾಲಿಯಾದ ಮಾತ್ರಕ್ಕೆ ನಿಲ್ಲುವ ಯಂತ್ರ, ನಾಲ್ಕೂ ಖಾಲಿಯಾದಾಗ ಯಾವ ಧೈರ್ಯದ ಮೇಲೆ ಓಡಿತು?

ಕೀರ್ತನಾ ಆ ಖಾಲಿ ಓಟದ ಹೊತ್ತನ್ನು ದಿನಾ ಪುಸ್ತಕದಲ್ಲಿ ಬರೆಯುತ್ತಿದ್ದಳು. ಐವತ್ತೆರಡು ಸೆಕೆಂಡು, ಯಾವಾಗಲೂ ಐವತ್ತೆರಡು. ಜುಲೈ ಐದರಿಂದ ಐವತ್ತೈದು, ಐವತ್ತಾರು, ಹದಿಮೂರರ ಬೆಳಿಗ್ಗೆ ಐವತ್ತೆಂಟು. ಪಕ್ಕದಲ್ಲಿ "ಎರಡನೇ ಏರಿನಲ್ಲಿ ಬಹಳ ನಿಧಾನ, ಮ್ಯಾನೇಜರ್ ಅವರಿಗೆ ತಿಳಿಸಿದೆ" ಎಂಬ ಷರಾ. ನಿಮ್ಮ ವರದಿಗೆ ಲಗತ್ತಿಸಿದ ನಕಲಿನಲ್ಲಿ ಜುಲೈ ನಾಲ್ಕರ ಪುಟ ಮುಗಿದ ಮೇಲೆ ನೇರವಾಗಿ ಹದಿನಾಲ್ಕು ಬರುತ್ತದೆ. ನಡುವಿನ ಒಂಬತ್ತು ದಿನ ಎಲ್ಲಿ? ಆ ಹುಡುಗಿ ಪುಣ್ಯಕ್ಕೆ ದಿನಾ ಪುಟದ ಫೋಟೊ ತೆಗೆದು ಪಾಲಾಕ್ಷಪ್ಪನವರಿಗೆ ಕಳಿಸುತ್ತಿದ್ದಳು. ವಿಚಾರಣೆಯ ದಿನ ಅವನ್ನು ತೋರಿಸಿದರೆ ನಿಮ್ಮ ಕಚೇರಿಯವರು "ಮೊಬೈಲ್ ಫೋಟೊ ದಾಖಲೆ ಆಗಲ್ಲಮ್ಮ" ಎಂದರಂತೆ. ವಾಟ್ಸಾಪ್‌ನ ಕಂಬಳಿ ದಾಖಲೆಯಾಗುತ್ತದೆ, ವಾಟ್ಸಾಪ್‌ನ ಲೆಕ್ಕ ಆಗುವುದಿಲ್ಲ!

ನಿಮ್ಮ ಪರೀಕ್ಷೆಯ ವೈಖರಿಯನ್ನೂ ಕೇಳಿ ತಿಳಿದುಕೊಂಡೆ. ತಾವು ಬಂದದ್ದು ಅಪಘಾತವಾದ ಹನ್ನೊಂದನೇ ದಿನ, ಬೆಳಿಗ್ಗೆ ಎಂಟಕ್ಕೆ, ಒಂದು ಎಲೆಯೂ ಅಲ್ಲಾಡದ ಹೊತ್ತಿನಲ್ಲಿ. ಹದಿನಾರು ಸೀಟಿಗೂ ಅರವತ್ತು ಕಿಲೋದ ಮೆಕ್ಕೆಜೋಳದ ಚೀಲ ಕೂರಿಸಿ ಓಡಿಸಿದಿರಿ. ರೈಲು ಸುಸೂತ್ರವಾಗಿ ಬಂತು. ಬಾರದೇ ಏನು ಮಾಡೀತು? ಆಷಾಢದ ಮಧ್ಯಾಹ್ನ ನಮ್ಮ ಕಡೆ ಪಡುವಣ ಗಾಳಿ ಹೇಗೆ ಬೀಸುತ್ತದೆಂದು ತಿಳಿಯಲು ಅಳತೆಯ ಯಂತ್ರವೂ ಬೇಡ, ಗುಡ್ಡದ ಮೇಲೆ ಸಾಲಾಗಿ ನೆಟ್ಟಿರುವ ಗಾಳಿಯಂತ್ರಗಳ ಕಡೆ ತಲೆ ಎತ್ತಿದರೆ ಸಾಕಿತ್ತು. ಎರಡನೇ ಏರು ಪಡುವಣಕ್ಕೇ ಮುಖ ಮಾಡಿದೆ. ಗಾಳಿ ಇಲ್ಲದ ಹೊತ್ತು, ತೂಕ ತುಂಬಿದ ಬೋಗಿ, ಎರಡನ್ನೂ ಆರಿಸಿಕೊಂಡದ್ದು ಕಾಕತಾಳೀಯವೆಂದು ನಂಬಲೇ? ಜೊತೆಗೆ ಇನ್ನೊಂದು. ಪಾಲಾಕ್ಷಪ್ಪನವರ ಫೋಟೊದಲ್ಲಿ ಕಂಬಳಿಯ ಕೆಳಗೆ ಕಾಣುವ ಗಾಲಿ ಕಪ್ಪು. ನಿಮ್ಮ ಪರೀಕ್ಷೆಯ ಫೋಟೊದಲ್ಲಿ ಎಲ್ಲ ಗಾಲಿಯೂ ನೀಲಿ. ನಿಂತ ರೈಲಿನ ಗಾಲಿಯೇ ಬೇರೆ, ನೀವು ಪಾಸು ಮಾಡಿದ ರೈಲಿನ ಗಾಲಿಯೇ ಬೇರೆ.

ಕೀರ್ತನಾಳ ಹೆಸರು ಬರೆದರೆ ಹೋಗುವುದು ಒಬ್ಬಳ ಪರವಾನಗಿ. ಗಾಲಿ ಎಂದು ಬರೆದರೆ, ಬದಲಾಯಿಸಿದವರು ಯಾರು, ಬದಲಾಯಿಸಿದ ಮೇಲೆ ಮರುಪರೀಕ್ಷೆ ಏಕಾಗಲಿಲ್ಲ, ಕಾಯಬೇಕಿದ್ದ ಕಚೇರಿ ಯಾವುದು ಎಂದು ಪ್ರಶ್ನೆ ಮೇಲಕ್ಕೆ ಹತ್ತುತ್ತಾ ಹೋಗುತ್ತದೆ. ಆ ಪ್ರಶ್ನೆ ತಮ್ಮ ಮೇಜಿನ ತನಕ ಬರುತ್ತದೆಂದೇ ಕಂಬಳಿ ಹೊದಿಸಿದಿರೋ?

ಉಪಾಯಗಳೇನೂ ದೇವಲೋಕದವಲ್ಲ. ಮೇಲಿನಿಂದ ಬಿಟ್ಟ ಮೇಲೆ ಆ ರೈಲಿಗೆ ಎಂಜಿನ್ ಇಲ್ಲ, ಇಳಿದ ರಭಸದಲ್ಲೇ ಹತ್ತಬೇಕು. ಆದ್ದರಿಂದ ತಗ್ಗಿನಲ್ಲಿ ಹಳಿಯ ನಡುವೆ ಮೋಟಾರಿನಿಂದ ತಿರುಗುವ ರಬ್ಬರ್ ಚಕ್ರಗಳನ್ನು ಕೂರಿಸಿ, ವೇಗ ಸಾಲದೆ ಬಂದ ರೈಲನ್ನು ಅವು ತಳದಿಂದ ಹಿಡಿದು ಮುಂದಕ್ಕೆ ನೂಕುವಂತೆ ಮಾಡಬಹುದು. ವೇಗ ಅಳೆಯುವ ಕಣ್ಣೊಂದು ಇದ್ದರೆ ಸಾಕು. ಅದು ದುಬಾರಿ ಎಂದರೆ ಎರಡನೇ ಏರನ್ನು ನಾಲ್ಕಡಿ ತಗ್ಗಿಸಲಿ, ನೋಡುವವರಿಗೆ ಅಂದ ಕಡಿಮೆಯಾದೀತು, ಅಷ್ಟೇ. ಗಾಳಿಯ ವೇಗ ಅಳೆಯುವ ಬಟ್ಟಲು ಕಂಬದ ಮೇಲಿರಲಿ, ಮಿತಿ ದಾಟಿದರೆ ರೈಲು ಹೊರಡುವ ಗುಂಡಿಯೇ ಒತ್ತಲು ಬಾರದಿರಲಿ. ಜನ ಕಡಿಮೆ ಇದ್ದಾಗ ಬೋಗಿಯ ತಳಕ್ಕೆ ಭಾರ ಕಟ್ಟುವ ವ್ಯವಸ್ಥೆ ಇರಲಿ. ಬೆಳಗಿನ ಖಾಲಿ ಓಟ ಎರಡು ಸೆಕೆಂಡು ತಡವಾದರೂ ಆ ದಿನ ಬೀಗ ಹಾಕುವ ಅಧಿಕಾರ ರೈಲು ನಡೆಸುವವರ ಕೈಗೇ ಕೊಡಿ. ಮತ್ತೆ ಆ ತಗ್ಗಿಗೆ ಒಂದು ಮೆಟ್ಟಿಲು ಕಟ್ಟಿಸಿ ಮಹಾರಾಯರೇ! ಮೇವಿನ ಟ್ರ್ಯಾಕ್ಟರ್ ಪ್ರತಿ ಸಲವೂ ಆ ದಾರಿಯಲ್ಲೇ ಬರುವುದಿಲ್ಲ.

ಇಷ್ಟೆಲ್ಲ ನನಗೆ ಹೇಗೆ ಗೊತ್ತು, ಕಪ್ಪು ಗಾಲಿಯನ್ನು ನಾನೇಕೆ ಗುರುತು ಹಿಡಿದೆ ಎಂದು ತಾವು ಕೇಳಬೇಕು. ಹೇಳುತ್ತೇನೆ.

ಹೋದ ವಾರ ತಿಪ್ಪೇರುದ್ರಮ್ಮ ನನ್ನ ಅಂಗಡಿಗೆ ಬಂದಳು. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದಳು. ಹೆಗಲು ಬರಿದಾಗಿತ್ತು. ನೀರು ಕೊಟ್ಟರೆ ಮುಟ್ಟಲಿಲ್ಲ. "ಯರ್ರೆಪ್ಪಾ, ನೀನು ಕಬ್ಬಿಣದ ಕೆಲಸ ತಿಳಿದಾವ. ಖರೇ ಹೇಳು. ನನ್ನ ಕಂಬಳಿಯಿಂದ ಆ ಗಾಡಿ ನಿಂತೈತಾ? ದೇವ್ರಿಗಿ ಹಾಸಿದ್ದು ಕೂಸಿನ ಅನ್ನ ಕಸಗೊಂತಾ? ಆಕಿ ನನ್ನ ಕೂಡ ಮಾತೇ ಬಿಟ್ಟಾಳ" ಎಂದಳು. "ನೋಡೋಣ ಬೇ, ಮ್ಯಾಲಿನವರು ಅದಾರ" ಎಂದುಬಿಟ್ಟೆ. ಆಕೆ ಎದ್ದು ಹೋದಳು. ನಾನು ಈ ಪತ್ರ ಬರೆಯಲು ಕೂತೆ.

ಆ ಕಪ್ಪು ಗಾಲಿಗಳನ್ನು ಮಾಡಿದವನು ನಾನು. ಜೂನ್ ಕೊನೆಯಲ್ಲಿ ಪಾಲಾಕ್ಷಪ್ಪನವರು ಮೇಲಿನ ಪದರ ಕಿತ್ತುಹೋದ ಎಂಟು ಗಾಲಿಗಳನ್ನು ತಂದು ನನ್ನ ಮುಂದೆ ಸುರಿದರು. "ಯರ್ರೆಪ್ಪಣ್ಣ, ಕಂಪನಿಯಿಂದ ಬರೋಕೆ ನಾಲ್ಕು ತಿಂಗ್ಳಂತೆ. ಟ್ರೇಲರ್‌ಗೆ ಮಾಡ್ತೀಯಲ್ಲ, ಹಂಗೇ ಗಟ್ಟಿಮುಟ್ಟಾಗಿ ಮಾಡ್ಕೊಡು" ಎಂದರು. ಹಾವಿನ ರೈಲಿಗೆ ನನ್ನ ಕೈಯ ಗಾಲಿ ಎಂದು ನಾನು ಉಬ್ಬಿಹೋದೆ. ನಮ್ಮ ಎರೆಮಣ್ಣಿನ ಧೂಳಿಗೆ ಬೇರಿಂಗು ಆರು ತಿಂಗಳೂ ಬಾಳುವುದಿಲ್ಲ. ಅದಕ್ಕೆ ಈ ಭಾಗದ ಲೇತಿನವರೆಲ್ಲ ಟ್ರೇಲರ್ ಗಾಲಿಗೆ ಎರಡೆರಡು ರಬ್ಬರ್ ಸೀಲು ಬಿಗಿದು, ಒಳಗೆ ಗಟ್ಟಿ ಗ್ರೀಸು ತುರುಕುತ್ತೇವೆ. ಗಾಲಿ ಬಿಗಿಯಾಗಿಯೇ ತಿರುಗುತ್ತದೆ. ತಿರುಗಲಿ ಬಿಡು, ಮುಂದೆ ಎಳೆಯಲು ಟ್ರ್ಯಾಕ್ಟರ್ ಇದೆಯಲ್ಲ! ಎಂಟೂ ಗಾಲಿಗೆ ಹಾಗೇ ಮಾಡಿದೆ. ಈ ರೈಲನ್ನು ಎಳೆಯುವವರು ಯಾರೂ ಇಲ್ಲ ಎಂಬುದು ಮೂವತ್ತು ವರ್ಷ ಗಾಲಿ ಮಾಡಿದ ನನ್ನ ತಲೆಗೆ ಹೊಳೆಯಲೇ ಇಲ್ಲ. ಜುಲೈ ನಾಲ್ಕರ ಸಂಜೆ ಅವನ್ನು ಜೋಡಿಸಿದರು. ಐದರಿಂದ ಕೀರ್ತನಾಳ ಪುಸ್ತಕದಲ್ಲಿ ರೈಲು ನಿಧಾನವಾಯಿತು. ನಾಲ್ಕು ತಿಂಗಳು ಬೇಕೆಂದ ನೀಲಿ ಗಾಲಿ ಅಪಘಾತವಾದ ಮೇಲೆ ಹನ್ನೊಂದೇ ದಿನದಲ್ಲಿ ಎಲ್ಲಿಂದ ಬಂತೆಂದು ಪಾಲಾಕ್ಷಪ್ಪನವರನ್ನೇ ಕೇಳಿ.

ಸುದ್ದಿ ಕೇಳಿದ ದಿನವೇ ನನಗೆ ತಿಳಿಯಿತು. ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ, ಅಂಜಿ. ನಿಮ್ಮ ಮೇಲೆ ಇಷ್ಟು ಅನುಮಾನ ಪಡುವವನು ನನ್ನ ಮೇಲೆ ಪಡದಿದ್ದರೆ ಈ ಪತ್ರ ಬರೆಯುವ ಯೋಗ್ಯತೆ ಇರುತ್ತಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ. ದಸರೆಗೆ ಆ ರೈಲು ಹೊರಡಕೂಡದು. ಮರುಪರೀಕ್ಷೆ ಗಾಳಿ ಬೀಸುವ ಮಧ್ಯಾಹ್ನ, ಖಾಲಿ ಬೋಗಿಯಲ್ಲಿ, ಊರವರ ಕಣ್ಣೆದುರಿಗೆ ಆಗಬೇಕು. ವರದಿಯ ಏಳನೇ ಪುಟದಲ್ಲಿ ಕೀರ್ತನಾ ಎಂದು ಇರುವ ಕಡೆ ಅವಳ ಹೆಸರು ಹೊಡೆದು ನನ್ನದನ್ನು ಬರೆಯಿರಿ, ಪಕ್ಕದಲ್ಲಿ ಪಾಲಾಕ್ಷಪ್ಪನವರದು, ಅದರ ಪಕ್ಕ ಸ್ವಲ್ಪ ಜಾಗ ಬಿಡಿ, ಯಾರದೆಂದು ತಮಗೇ ಗೊತ್ತಿದೆ. ಅಳತೆ ತಪ್ಪಿದ ಒಂಬತ್ತನೆಯ ಗಾಲಿಯೊಂದು ನನ್ನ ಹತ್ತಿರವೇ ಉಳಿದಿದೆ. ಕರೆದ ದಿನ ತಂದು ತಮ್ಮ ಮೇಜಿನ ಮೇಲೆ ಇಡುತ್ತೇನೆ. ಕೈಯಿಂದ ಒಮ್ಮೆ ತಿರುಗಿಸಿ ನೋಡಿ. ಒಳ್ಳೆಯ ಗಾಲಿ ಒಂದು ನಿಮಿಷ ತಿರುಗಬೇಕು. ಇದು ಮೂರು ಸುತ್ತಿಗೆ ನಿಲ್ಲುತ್ತದೆ.

ಪತ್ರವನ್ನು ಪತ್ರಿಕೆಗೆ ಕೊಟ್ಟು ನಾನು ನೇರ ಉಜ್ಜಿನಿಯ ಬಸ್ಸು ಹತ್ತುತ್ತೇನೆ. ಅಜ್ಜಿಗೂ ಮೊಮ್ಮಗಳಿಗೂ ಇದನ್ನು ಅಚ್ಚಿನಲ್ಲಿ ಓದಿ ತಿಳಿಯುವ ಹಾಗಾಗಬಾರದು, ನನ್ನ ಬಾಯಿಂದಲೇ ಕೇಳಬೇಕು. ಆಮೇಲೆ ಅವರು ಏನಂದರೂ ಅನ್ನಿಸಿಕೊಳ್ಳುತ್ತೇನೆ.

ಇಂತಿ,
ತಮ್ಮ ವರದಿಯಲ್ಲಿ ಇರಬೇಕಿದ್ದೂ ಇಲ್ಲದ,
ಯರ್ರೆಪ್ಪ
ಲೇತ್ ಕೆಲಸದವನು, ಕೊಟ್ಟೂರು